ನೋಡ್ಬೇಕು ಅನ್ನಿಸ್ತಿದೆ

ಹಾಡಿನ ಮೊದಲ ಮಾತೇ 'ಬೊಗೊ ಶಿಪ್ತಾ'. ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಅದು 'ಐ ಮಿಸ್ ಯು' ಅಂತ ಬರುತ್ತದೆ. ತುಂಬಾ ದಿನ ನಾನೂ ಅದನ್ನೇ ನಂಬಿಕೊಂಡಿದ್ದೆ. ಆಮೇಲೆ ಕೊರಿಯನ್ ಅಕ್ಷರ ಕಲಿತು, ಒಂದೊಂದೇ ಪದ ಬಿಡಿಸಿ ನೋಡಿದಾಗ ಗೊತ್ತಾಯಿತು. 'ಬೊ' ಅಂದರೆ ನೋಡು. 'ಗೊ ಶಿಪ್ತಾ' ಅಂದರೆ ಬೇಕು ಅನ್ನಿಸುತ್ತಿದೆ. ಎರಡೂ ಸೇರಿದರೆ, ನೋಡ್ಬೇಕು ಅನ್ನಿಸ್ತಿದೆ.

ಇದು ನನ್ನಜ್ಜಿಯ ಮಾತು. ಹಾಸ್ಟೆಲ್ಲಿನ ಫೋನಿಗೆ ಮಾವನ ಕೈಲಿ ಡಯಲ್ ಮಾಡಿಸಿ, ಊಟ ಆಯ್ತಾ ಅಂತ ಕೇಳಿ, ಒಂದು ಗಳಿಗೆ ಸುಮ್ಮನಿದ್ದು, "ನಿನ್ನ ನೋಡ್ಬೇಕು ಅನ್ನಿಸ್ತಿದೆ ಮಗ, ಒಂದ್ಸಲ ಬಂದು ಹೋಗು" ಅನ್ನುತ್ತಿದ್ದರು. ಅದಕ್ಕಿಂತ ಜಾಸ್ತಿ ಏನೂ ಹೇಳುತ್ತಿರಲಿಲ್ಲ. ಪ್ರೀತಿ, ಬೇಸರ, ಕಾಯುವಿಕೆ ಎಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ನಾವು ಗೆಳತಿಯರು ಮಾತ್ರ 'ಮಿಸ್ ಯು ಕಣೇ' ಅಂತ ಬರೆದು ಪಕ್ಕದಲ್ಲಿ ಹಾರ್ಟ್ ಹಾಕುತ್ತಿದ್ದೆವು. ಮಿಸ್ ಮಾಡ್ಕೊಳ್ಳೋದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇಲ್ಲ ಅಂತ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ. ಅಜ್ಜಿಯ ಬಾಯಲ್ಲಿ ಇದ್ದದ್ದು ನಮ್ಮ ಕಿವಿಗೆ ಬಿದ್ದೇ ಇರಲಿಲ್ಲ. ಅದನ್ನು ನನಗೆ ಕೇಳಿಸಿದ್ದು ಕೊರಿಯಾದ ಏಳು ಹುಡುಗರು.

ಆ ಹಾಡಿನ ಹೆಸರು 'ಬೊಮ್ನಲ್'. ವಸಂತದ ದಿನ ಅಂತ ಅರ್ಥ. ನಮ್ಮಲ್ಲಿ ಎಲ್ಲರಿಗೂ 'ಸ್ಪ್ರಿಂಗ್ ಡೇ' ಅಂತಲೇ ಪರಿಚಯ. ಆ ಏಳು ಹುಡುಗರ ಹಾಡುಗುಂಪು ಬಿಟಿಎಸ್ ಅದನ್ನು ಬಿಡುಗಡೆ ಮಾಡಿದ್ದು 2017ರ ಫೆಬ್ರವರಿ 13ರಂದು, 'ಯು ನೆವರ್ ವಾಕ್ ಅಲೋನ್' ಆಲ್ಬಮ್ಮಿನ ಜೊತೆ. ಅವರು ಶುರುಮಾಡಿ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪ್ರಶಸ್ತಿ ಸಿಕ್ಕಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಈ ಹಾಡು ಅದಕ್ಕೂ ಮುಂಚಿನದು, ಮೊದಲು ತಮ್ಮ ಮನೆಯವರಿಗೆ, ತಮ್ಮ ಊರಿನವರಿಗೆ ಹಾಡುತ್ತಿದ್ದ ಕಾಲದ್ದು. ಹಾಗಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ನಾನು ಅದನ್ನು ನೋಡಿದ್ದು ಬಿಡುಗಡೆಯಾದ ಮುಂದಿನ ಭಾನುವಾರ. ಸೆಕೆಂಡ್ ಪಿಯುಸಿ, ಚಿಕ್ಕಮಗಳೂರಿನ ಹಾಸ್ಟೆಲ್. ಮಾರ್ಚಿನಲ್ಲಿ ಪರೀಕ್ಷೆ. ಹಾಸ್ಟೆಲ್ಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ನನ್ನ ರೂಮ್‌ಮೇಟ್ ಗೆಳತಿಯ ಚಿಕ್ಕಮ್ಮ ಅದೇ ಊರಿನಲ್ಲಿದ್ದರು. ಭಾನುವಾರ ಔಟ್‌ಪಾಸ್ ಬರೆಸಿಕೊಂಡು ಅವರ ಮನೆಗೆ ಹೋದರೆ ಒಳ್ಳೆಯ ಊಟವೂ ಸಿಗುತ್ತಿತ್ತು, ಚಿಕ್ಕಮ್ಮನ ಫೋನೂ ಸಿಗುತ್ತಿತ್ತು. ಜಿಯೋ ಸಿಮ್ ಬಂದು ಐದಾರು ತಿಂಗಳಾಗಿತ್ತು, ಆಗಿನ್ನೂ ಡೇಟಾ ಪುಕ್ಕಟೆ. ಆ ಪುಕ್ಕಟೆ ಡೇಟಾ ಇಲ್ಲದಿದ್ದರೆ ಐದೂವರೆ ನಿಮಿಷದ ವಿಡಿಯೋವನ್ನು ಒಂದೇ ಮಧ್ಯಾಹ್ನ ಏಳು ಸಲ ನೋಡುವ ಯೋಗ ನಮಗೆಲ್ಲಿಂದ ಬರಬೇಕು!

ಒಂದೇ ಇಯರ್‌ಫೋನ್. ಎಡಗಡೆಯದು ಅವಳಿಗೆ, ಬಲಗಡೆಯದು ನನಗೆ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆವು.

ಮೊದಲು ಕಾಣಿಸೋದು ಹಿಮ ಬಿದ್ದ ಒಂದು ಸಣ್ಣ ರೈಲ್ವೆ ಸ್ಟೇಷನ್. ಜನ ಇಲ್ಲ, ಸಾಮಾನು ಇಲ್ಲ, ಚಾ ಮಾರುವವರಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬನೇ ಹುಡುಗ, ಗುಂಪಿನಲ್ಲಿ ವಿ ಅಂತ ಕರೆಯುತ್ತಾರಲ್ಲ, ಅವನು. ಅವನು ಹಳಿಯ ಹತ್ತಿರ ಬರುತ್ತಾನೆ. ಮೊಣಕಾಲೂರಿ, ಬಗ್ಗಿ, ಕಿವಿಯನ್ನು ಹಳಿಗೆ ಒತ್ತಿ ಹಿಡಿಯುತ್ತಾನೆ. ದೂರದಲ್ಲಿ ರೈಲು ಬರುತ್ತಿದ್ದರೆ ಕಬ್ಬಿಣಕ್ಕೆ ಮೊದಲು ಗೊತ್ತಾಗುತ್ತದೆ ಅಂತ ಮಕ್ಕಳು ಹೇಳಿಕೊಳ್ಳುತ್ತಾರಲ್ಲ, ಹಾಗೆ. ತಣ್ಣಗಿನ ಹಳಿ, ಬೆಚ್ಚಗಿನ ಕೆನ್ನೆ. ಮುಖದಲ್ಲಿ ಅಳು ಇಲ್ಲ, ನಗು ಇಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತಿದ್ದಾನೆ.

"ರೈಲು ಬರುತ್ತಾ ಮಾರಾಯ್ತಿ?" ಅಂತ ಗೆಳತಿ ಕೇಳಿದಳು. ನನಗೇನು ಗೊತ್ತು! ಏಳು ಸಲ ನೋಡಿದರೂ ಆ ಸ್ಟೇಷನ್ನಿಗೆ ರೈಲು ಬಂದದ್ದನ್ನು ತೋರಿಸಲಿಲ್ಲ ಅಂತ ಅವಳಿಗೆ ಕೊನೆಯವರೆಗೂ ಅಸಮಾಧಾನ. ಹಿಮ ನೋಡಿ ಮಾತ್ರ ಅವಳು, "ನಮ್ಮ ತೋಟ ಹೂ ಬಿಟ್ಟಾಗ ಬೆಳಗ್ಗೆ ಹೀಗೇ ಕಾಣುತ್ತೆ" ಅಂದಳು. ಅವಳದು ಸಕಲೇಶಪುರದ ಕಡೆ, ನನ್ನದು ಮೂಡಿಗೆರೆ ಕಡೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬಿಳಿಯಾಗೋದನ್ನು ಇಬ್ಬರೂ ನೋಡಿಕೊಂಡೇ ಬೆಳೆದವರು. ಹಾಡಿನಲ್ಲೂ ಹಾಗೇ ಇದೆ. ಈ ಹಿಮವೆಲ್ಲ ಕರಗಿ ಹೂ ಬಿಡುವ ತನಕ ಅಲ್ಲೇ ಇರು, ಇನ್ನೊಂಚೂರು ಇರು ಅಂತ ಅವರು ಕೇಳಿಕೊಳ್ಳುತ್ತಾರೆ.

ಸಾಹಿತ್ಯದಲ್ಲಿ ಗುಂಪಿನ ಆರ್‌ಎಂ ಮತ್ತು ಶುಗಾ ಇಬ್ಬರ ಕೈ ಇದೆ. ದೂರವಾದ ಗೆಳೆಯರ ನೆನಪಿನಿಂದ ಹುಟ್ಟಿದ ಸಾಲುಗಳು. ಎಲ್ಲೂ ಸಾವಿನ ಮಾತಿಲ್ಲ. ಕಾಲ ಎಷ್ಟು ಕಲ್ಲುಮನಸ್ಸಿನದು, ನಮ್ಮ ಮೇಲೇ ನಮಗೆ ಸಿಟ್ಟು ಬರುತ್ತದೆ, ಒಂದು ಸಲ ಮುಖ ನೋಡೋದೂ ಕಷ್ಟವಾಯಿತಲ್ಲ ಅನ್ನುವ ಮಾತು ಶುರುವಿನಲ್ಲೇ ಬರುತ್ತದೆ. ಇಲ್ಲಿ ಬರೀ ಚಳಿಗಾಲ, ಆಗಸ್ಟಿನಲ್ಲೂ ಚಳಿಗಾಲ ಅಂತ ಆರ್‌ಎಂ ಹೇಳುತ್ತಾನೆ. ಕೊರಿಯಾದಲ್ಲಿ ಆಗಸ್ಟ್ ಅಂದರೆ ಬೆವರು ಸುರಿಯುವ ಬೇಸಿಗೆ. ಇದು ಗೊತ್ತಾದ ಮೇಲೆ ಆ ಸಾಲಿನ ಚಳಿ ಇನ್ನೂ ಜಾಸ್ತಿಯಾಯಿತು. ಆಮೇಲೆ ಇನ್ನೊಂದು ಮಾತು ಬರುತ್ತದೆ. ಇನ್ನೆಷ್ಟು ದಿನ ಕಾಯಬೇಕು, ಇನ್ನೆಷ್ಟು ರಾತ್ರಿ ನಿದ್ದೆಗೆಡಬೇಕು ನಿನ್ನ ನೋಡೋದಕ್ಕೆ? ಈ 'ನೋಡೋದು' ಹಾಡಿನ ತುಂಬಾ ಇದೆ. ನೋಡಬೇಕು ಅಂತ ಹೇಳುತ್ತಿದ್ದರೆ ಇನ್ನೂ ನೋಡಬೇಕು ಅನ್ನಿಸುತ್ತದೆ. ನಿನ್ನ ಫೋಟೋ ನೋಡುತ್ತಾ ಇದ್ದರೂ ನೋಡಬೇಕು ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಓದಿದಾಗ ಇದು ನನಗೆ ಬರೀ ದುಃಖವಾಗಿ ಕಂಡಿತ್ತು. ಕನ್ನಡಕ್ಕೆ ತಂದುಕೊಂಡಾಗ ಕಣ್ಣಿನ ಹಸಿವಾಗಿ ಕಂಡಿತು. ಕಣ್ತುಂಬ ನೋಡಬೇಕು, ಕಣ್ಣಾರೆ ನೋಡಬೇಕು ಅಂತೀವಲ್ಲ, ಆ ಹಸಿವು.

ಸಂಗೀತವೂ ಗಲಾಟೆ ಮಾಡೋದಿಲ್ಲ. ಆರ್‌ಎಂನ ತಗ್ಗಿದ ದನಿಯಲ್ಲಿ ಶುರುವಾಗುತ್ತದೆ. ನಿಧಾನಕ್ಕೆ ಒಬ್ಬೊಬ್ಬರಾಗಿ ಬಂದು ಸೇರಿಕೊಳ್ಳುತ್ತಾರೆ. ಕೋರಸ್ ಬರುವ ಹೊತ್ತಿಗೆ ಒಬ್ಬನ ಒಳಗಿನ ಮಾತು ಏಳು ಜನರ ಕೂಗಾಗಿರುತ್ತದೆ. ಆದರೆ ಕಿರುಚಾಟ ಇಲ್ಲ. ಒಬ್ಬರ ಹೆಗಲ ಮೇಲೆ ಕೈಯಿಟ್ಟು ಹೇಳಿದ ಹಾಗೆ.

ವಿಡಿಯೋ ನಿರ್ದೇಶಿಸಿದ್ದು ಚೊಯ್ ಯೊಂಗ್‌ಸೊಕ್. ಲಂಪೆನ್ಸ್ ಅನ್ನೋ ಅವರ ತಂಡದ ಹೆಸರಿನಿಂದಲೇ ಅವರನ್ನು ಹೆಚ್ಚು ಜನ ಗುರುತಿಸೋದು. ಇದರಲ್ಲಿ ಕಥೆ ಅಂತ ಒಂದು ನೇರ ದಾರಿ ಇಲ್ಲ. ರೈಲಿನಲ್ಲಿ ಜಂಗ್‌ಕುಕ್ ಕೂತಿರುತ್ತಾನೆ. ಸಮುದ್ರದ ದಂಡೆಯಲ್ಲಿ ಜಿಮಿನ್ ನಿಂತಿರುತ್ತಾನೆ. ಸಾಲು ಸಾಲು ವಾಷಿಂಗ್ ಮಷೀನ್ ಇರುವ ಲಾಂಡ್ರಿ ಬರುತ್ತದೆ. ಬಟ್ಟೆಯ ಒಂದು ದೊಡ್ಡ ಗುಡ್ಡೆ ಬರುತ್ತದೆ. ಅಷ್ಟೊಂದು ಬಟ್ಟೆ, ಹಾಕಿಕೊಳ್ಳುವವರು ಯಾರೂ ಇಲ್ಲ. 'ಓಮೆಲಾಸ್' ಅಂತ ಬಣ್ಣದ ದೀಪದಲ್ಲಿ ಬರೆದ ಒಂದು ಲಾಡ್ಜ್. ರೂಮ್ ಖಾಲಿ ಇಲ್ಲ ಅನ್ನೋ ಬೋರ್ಡೂ ಇದೆ. ಒಂದು ಜಾತ್ರೆಯ ಕುದುರೆ ತೊಟ್ಟಿಲು, ಅದಕ್ಕೆ ಕಟ್ಟಿದ ಹಳದಿ ರಿಬ್ಬನ್.

ನನ್ನ ಕಣ್ಣು ಹೋಗಿ ನಿಲ್ಲೋದು ಜಿಮಿನ್ ಕೈಯಲ್ಲಿರುವ ಶೂ ಮೇಲೆ. ಸಮುದ್ರದ ದಂಡೆಯಲ್ಲಿ ಒಂದು ಜೊತೆ ಶೂ ಅವನಿಗೆ ಸಿಗುತ್ತದೆ. ಅದನ್ನು ಎತ್ತಿಕೊಳ್ಳುತ್ತಾನೆ. ಸಮುದ್ರದ ಪಕ್ಕ ಬಿಟ್ಟುಹೋದ ಚಪ್ಪಲಿ ಕಂಡರೆ ನಮಗೆ ಎದೆ ಧಸಕ್ ಅನ್ನುತ್ತದೆ. ಯಾರದು, ಎಲ್ಲಿ ಹೋದರು ಅಂತ ಮೊದಲು ನೀರಿನ ಕಡೆಗೇ ನೋಡುತ್ತೇವೆ. ವಿಡಿಯೋ ಅದನ್ನು ಹೇಳೋದಿಲ್ಲ. ಕೊನೆಯಲ್ಲಿ ಏಳೂ ಜನ ರೈಲಿನಿಂದ ಇಳಿದು ಬಯಲಿಗೆ ಬರುತ್ತಾರೆ. ಅಲ್ಲೊಂದು ಒಂಟಿ ಮರ. ಆ ಶೂ ಈಗ ಮರದ ಕೊಂಬೆಯಿಂದ ನೇತಾಡುತ್ತವೆ. ನೀರಿಗೆ ಎಸೆಯಲಿಲ್ಲ. ತಾವೂ ಹಾಕಿಕೊಳ್ಳಲಿಲ್ಲ. ಯಾರಾದರೂ ಬಂದರೆ ಕಾಣಲಿ ಅಂತ ಎತ್ತರದಲ್ಲಿ ಇಟ್ಟರು.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಡಿದ ದಿನ ನಮಗೆ ಹಳದಿ ರಿಬ್ಬನ್ನಿನ ಅರ್ಥ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮುಂದಿನ ವರ್ಷ, ನಾನು ಡಿಗ್ರಿಗೆ ಬೆಂಗಳೂರಿಗೆ ಬಂದ ಮೇಲೆ.

2014ರ ಏಪ್ರಿಲ್ 16. ಸೆವೊಲ್ ಅನ್ನೋ ಹಡಗು ಇಂಚಿಯಾನ್ ಬಂದರಿನಿಂದ ಜೆಜು ದ್ವೀಪಕ್ಕೆ ಹೊರಟಿತ್ತು. ಅದರಲ್ಲಿ 476 ಜನ. ಅವರಲ್ಲಿ 325 ಮಂದಿ ಆನ್‌ಸಾನ್ ಊರಿನ ದಾನ್‌ವೊನ್ ಹೈಸ್ಕೂಲಿನ ಮಕ್ಕಳು, ಶಾಲಾ ಪ್ರವಾಸಕ್ಕೆ ಹೊರಟವರು. ಜಿಂದೊ ದ್ವೀಪದ ಹತ್ತಿರ ಹಡಗು ವಾಲಿತು. ಇರುವ ಜಾಗದಲ್ಲೇ ಇರಿ, ಅಲುಗಾಡಬೇಡಿ ಅಂತ ಸ್ಪೀಕರಿನಲ್ಲಿ ಮತ್ತೆ ಮತ್ತೆ ಹೇಳಿದರು. ಮಕ್ಕಳು ಆ ಮಾತು ಕೇಳಿ ಅಲ್ಲೇ ಇದ್ದರು. ಕ್ಯಾಪ್ಟನ್ ಮಾತ್ರ ಮೊದಮೊದಲು ಬಂದ ದೋಣಿಯಲ್ಲೇ ಇಳಿದು ಹೋದ. 304 ಜನ ತೀರಿಹೋದರು. ಅವರಲ್ಲಿ 250 ಮಂದಿ ಅದೇ ಶಾಲೆಯ ಮಕ್ಕಳು.

ಹೇಳಿದ ಮಾತು ಕೇಳಿದ್ದಕ್ಕೆ ಹೋದರು ಅನ್ನೋದನ್ನು ಓದಿದ ರಾತ್ರಿ ನಾನು ಮಲಗಲಿಲ್ಲ. ಹಾಸ್ಟೆಲ್ಲಿನಲ್ಲಿ ಬೆಳೆದ ಯಾರಿಗಾದರೂ ಇದು ತಟ್ಟುತ್ತದೆ. ದೊಡ್ಡವರು ಕೂತ್ಕೊಳ್ಳಿ ಅಂದರೆ ಕೂರುವುದು, ಏಳಿ ಅಂದರೆ ಏಳುವುದು. ನಾವೂ ಆ ಹಡಗಿನಲ್ಲಿದ್ದಿದ್ದರೆ ಹಾಗೇ ಕೂತಿರುತ್ತಿದ್ದೆವು. ಆ ಮಕ್ಕಳಿಗೆ ಆಗ ಹದಿನಾರು ಹದಿನೇಳು ವರ್ಷ, ಹೆಚ್ಚಿನವರು 1997ರಲ್ಲಿ ಹುಟ್ಟಿದವರು. ಜಂಗ್‌ಕುಕ್ ಹುಟ್ಟಿದ್ದೂ 1997ರಲ್ಲೇ, ಸೆಪ್ಟೆಂಬರಿನಲ್ಲಿ. ಅಂದರೆ ಅವನ ಓರಗೆಯವರು. ವಿಡಿಯೋದಲ್ಲಿ ಅವನು ಆ ಹಳದಿ ರಿಬ್ಬನ್ನಿನ ತೊಟ್ಟಿಲ ಮುಂದೆ ಬರುವ ದೃಶ್ಯವನ್ನು ಇದು ಗೊತ್ತಾದ ಮೇಲೆ ನಾನು ಮೊದಲಿನ ಹಾಗೆ ನೋಡಲಾರದೆ ಹೋದೆ.

ಹಳದಿ ರಿಬ್ಬನ್ ಅಲ್ಲಿ ಆ ಮಕ್ಕಳ ಗುರುತು. ಬದುಕಿ ವಾಪಸ್ ಬನ್ನಿ ಅನ್ನೋ ಆಸೆಯಲ್ಲಿ ಕಟ್ಟಲು ಶುರುಮಾಡಿದ್ದು. ಆಮೇಲೆ ಮರೆಯೋದಿಲ್ಲ ಅನ್ನೋ ಮಾತಿಗೆ ಕಟ್ಟಿದ್ದು. ಕೊರಿಯಾದ ಎಷ್ಟೋ ಜನ ಇವತ್ತಿಗೂ ಬ್ಯಾಗಿಗೆ ಅದನ್ನು ಸಿಕ್ಕಿಸಿಕೊಂಡು ಓಡಾಡುತ್ತಾರೆ.

ಆಗಿನ ಕಾಲವನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಹಾಡಿನ ಧೈರ್ಯ ಗೊತ್ತಾಗೋದಿಲ್ಲ. ಪಾರ್ಕ್ ಗುನ್‌ಹ್ಯೆ ಅಧ್ಯಕ್ಷೆಯಾಗಿದ್ದಾಗ ಕಲಾವಿದರ ಒಂದು ಕಪ್ಪುಪಟ್ಟಿ ತಯಾರಾಗಿತ್ತು. ಸಾವಿರಾರು ಹೆಸರು. ಸೆವೊಲ್ ವಿಚಾರದಲ್ಲಿ ಸರ್ಕಾರವನ್ನು ಪ್ರಶ್ನೆ ಮಾಡಿ ಹೇಳಿಕೆಗೆ ಸಹಿ ಹಾಕಿದ್ದವರೂ ಅದರಲ್ಲಿದ್ದರು. 2016ರ ಕೊನೆಯಲ್ಲಿ ಅದು ಬಯಲಿಗೆ ಬಂತು. ಡಿಸೆಂಬರ್ 9ರಂದು ಸಂಸತ್ತು ಮಹಾಭಿಯೋಗದ ನಿರ್ಣಯ ಪಾಸು ಮಾಡಿತು. 2017ರ ಮಾರ್ಚ್ 10ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯ ಆಕೆಯನ್ನು ಕೆಳಗಿಳಿಸಿತು. ಮಾರ್ಚ್ 23ರಂದು ಸೆವೊಲ್ ಹಡಗು ಸುಮಾರು ಮೂರು ವರ್ಷದ ನಂತರ ನೀರಿನಿಂದ ಮೇಲೆ ಬಂತು. 'ಸ್ಪ್ರಿಂಗ್ ಡೇ' ಬಂದದ್ದು ಇವುಗಳ ನಡುವೆ, ಫೆಬ್ರವರಿಯಲ್ಲಿ. ಆಕೆ ಇನ್ನೂ ಇಳಿದಿರಲಿಲ್ಲ. ಹಡಗು ಇನ್ನೂ ಕೆಳಗೇ ಇತ್ತು. ಹಾಡಿಗೆ ಒಂದು ತಿಂಗಳ ಮುಂಚೆ, ಜನವರಿಯಲ್ಲಿ, ಏಳು ಜನ ಮತ್ತು ಅವರ ಕಂಪನಿ ಸೇರಿ ಸೆವೊಲ್ ಕುಟುಂಬಗಳಿಗೆ ಹತ್ತು ಕೋಟಿ ವೊನ್ ಕೊಟ್ಟಿದ್ದರು.

ಹಡಗು ಮೇಲೆ ಬಂದಾಗ ಒಂಬತ್ತು ಜನ ಇನ್ನೂ ಸಿಕ್ಕಿರಲಿಲ್ಲ. ಹುಡುಕಾಟದಲ್ಲಿ ನಾಲ್ಕು ಜನರ ಅವಶೇಷ ಸಿಕ್ಕಿತು. ಐದು ಜನ ಸಿಗಲೇ ಇಲ್ಲ. ಆ ಮನೆಯವರು ವರ್ಷಗಟ್ಟಲೆ ಬಂದರಿನಲ್ಲೇ ಕಾದರು. ಅವರಲ್ಲಿ ಕೆಲವರು ಒಂದು ಮಾತು ಹೇಳುತ್ತಿದ್ದರು. ನಮ್ಮ ಆಸೆ ಏನಂದರೆ, ನಾವೂ 'ಸತ್ತವರ ಮನೆಯವರು' ಅನ್ನಿಸಿಕೊಳ್ಳಬೇಕು ಅಂತ. ಬೇರೆ ತಂದೆತಾಯಂದಿರಿಗೆ ಮಗುವಿನ ದೇಹವಾದರೂ ಸಿಕ್ಕಿತ್ತು. ಇವರಿಗೆ ಅದೂ ಇಲ್ಲ. 2017ರ ನವೆಂಬರಿನಲ್ಲಿ ಆ ಐವರಿಗೆ ದೇಹವಿಲ್ಲದೆಯೇ ಅಂತ್ಯಸಂಸ್ಕಾರ ಮಾಡಿದರು. ಪೆಟ್ಟಿಗೆಯಲ್ಲಿ ಅವರ ವಸ್ತುಗಳನ್ನು ಇಟ್ಟರು.

ನೋಡ್ಬೇಕು ಅನ್ನಿಸ್ತಿದೆ. ಆ ಬಂದರಿನಲ್ಲಿ ಈ ಮಾತಿಗೆ ಎಷ್ಟು ತೂಕ ಇದ್ದಿರಬೇಕು ಯೋಚಿಸಿ. ಅವರು ನೆನಪಿಸಿಕೊಳ್ಳುತ್ತಿದ್ದೇವೆ ಅನ್ನಲಿಲ್ಲ. ಹೇಗಿದ್ದರೂ ಸರಿ, ಒಂದು ಸಲ ನೋಡಬೇಕು ಅಂದರು.

ಬಿಟಿಎಸ್ ಮಾತ್ರ ಆಗ ಈ ಹಾಡು ಇಂಥದ್ದರ ಬಗ್ಗೆಯೇ ಅಂತ ಬಾಯಿಬಿಟ್ಟು ಹೇಳಲಿಲ್ಲ. 2020ರಲ್ಲಿ ಒಂದು ಅಮೆರಿಕನ್ ಪತ್ರಿಕೆಯವರು ನೇರವಾಗಿ ಕೇಳಿದಾಗ ಗುಂಪಿನ ಜಿನ್ ಉತ್ತರ ಕೊಟ್ಟ. ಹೌದು, ಒಂದು ದುಃಖದ ಘಟನೆಯ ಬಗ್ಗೆ, ಆದರೆ ನೋಡಬೇಕು ಅನ್ನೋ ಹಂಬಲದ ಬಗ್ಗೆಯೂ ಹೌದು, ಅನ್ನೋ ಅರ್ಥದಲ್ಲಿ. ನನಗೆ ಆ ಉತ್ತರ ತುಂಬಾ ಇಷ್ಟ. ಅಭಿಮಾನಿಗಳ ಎಷ್ಟೋ ವಿಡಿಯೋಗಳಲ್ಲಿ ಒಂದೊಂದು ಫ್ರೇಮ್ ನಿಲ್ಲಿಸಿ, ಇದು ಇದರ ಗುರುತು, ಅದು ಅದರ ಗುರುತು ಅಂತ ಬಿಡಿಸಿ ಹೇಳುತ್ತಾರೆ. ಅವರ ಶ್ರಮ ದೊಡ್ಡದು, ನಾನೂ ಅವರಿಂದಲೇ ಕಲಿತಿದ್ದು. ಆದರೆ ಎಲ್ಲವನ್ನೂ ಒಗಟಿನ ಹಾಗೆ ಬಿಡಿಸಿ ಮುಗಿಸಿಬಿಟ್ಟರೆ ಹಾಡಿಗೆ ಕೆಲಸವೇ ಉಳಿಯೋದಿಲ್ಲ ಅಲ್ವಾ? ಶೂ ಯಾರದು ಅಂತ ಹೇಳದೆ ಬಿಟ್ಟಿದ್ದಕ್ಕೇ ಅದು ಎಲ್ಲರ ಮನೆಯ ಶೂ ಆಗಿದೆ.

ಒಂದನ್ನು ಮಾತ್ರ ಬಿಡಿಸಿ ಹೇಳಲೇಬೇಕು, ಆ ಲಾಡ್ಜಿನ ಹೆಸರು. ಓಮೆಲಾಸ್ ಅನ್ನೋದು ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಒಂದು ಸಣ್ಣ ಕಥೆಯ ಊರು. ಅಲ್ಲಿ ಎಲ್ಲರೂ ಸುಖವಾಗಿದ್ದಾರೆ. ಆ ಸುಖಕ್ಕೆ ಒಂದು ಬೆಲೆ ಇದೆ. ಒಂದು ಮಗುವನ್ನು ನೆಲಮಾಳಿಗೆಯ ಕತ್ತಲಲ್ಲಿ ಕೂಡಿಹಾಕಿರಬೇಕು. ಊರಿನವರಿಗೆಲ್ಲ ಅದು ಗೊತ್ತು. ಹೆಚ್ಚಿನವರು ಒಪ್ಪಿಕೊಂಡು ಬದುಕುತ್ತಾರೆ. ಕೆಲವರು ಮಾತ್ರ ಒಪ್ಪದೆ, ಒಬ್ಬೊಬ್ಬರೇ ಊರು ಬಿಟ್ಟು ನಡೆದುಹೋಗುತ್ತಾರೆ. ವಿಡಿಯೋದಲ್ಲಿ ಆ ಲಾಡ್ಜಿನೊಳಗೆ ಹುಡುಗರು ಕೇಕ್ ಇಟ್ಟುಕೊಂಡು ನಗುತ್ತಾ ಪಾರ್ಟಿ ಮಾಡುತ್ತಾರೆ. ಕೊನೆಗೆ ಅಲ್ಲಿ ಉಳಿಯೋದಿಲ್ಲ. ಹೊರಗೆ ಬಂದು ರೈಲು ಹತ್ತುತ್ತಾರೆ. ಕಥೆಯಲ್ಲಿ ಹೊರಟವರು ಒಂಟಿಯಾಗಿ ಹೋಗುತ್ತಾರೆ. ಇಲ್ಲಿ ಏಳು ಜನ ಒಟ್ಟಿಗೆ ಹೋಗುತ್ತಾರೆ. ಆಲ್ಬಮ್ಮಿನ ಹೆಸರು ನೆನಪಿದೆಯಲ್ಲ, ನೀನು ಯಾವತ್ತೂ ಒಂಟಿಯಾಗಿ ನಡೆಯೋದಿಲ್ಲ ಅಂತ. ನನಗೆ ಇಡೀ ವಿಡಿಯೋದಲ್ಲಿ ಅತಿ ದೊಡ್ಡ ಮಾತು ಇದು. ಹಿಂದೆ ಉಳಿದವರು ತಮ್ಮ ಸುಖವನ್ನು ಬಿಟ್ಟು ಎದ್ದು ಹೋಗಿ, ಒಂದು ಜೊತೆ ಶೂವನ್ನು ಮರಕ್ಕೆ ಕಟ್ಟಿ ಬರಬೇಕು.

ಅಲ್ಲಿಯ ಜನ ಈ ಹಾಡನ್ನು ಬಿಟ್ಟುಕೊಡಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಮೆಲನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ವರ್ಷದ ಹಾಡು ಪ್ರಶಸ್ತಿ ಸಿಕ್ಕಿತು. ಅದಕ್ಕಿಂತ ದೊಡ್ಡದು ಅಂದರೆ, ಮೆಲನ್ ಅನ್ನೋ ಆ ಕೊರಿಯನ್ ಹಾಡಿನ ಆ್ಯಪಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 'ಸ್ಪ್ರಿಂಗ್ ಡೇ' ಐದು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ದಿನಕ್ಕೊಂದು ಹೊಸ ಹಾಡು ಬಂದು ಹಳೆಯದನ್ನು ತಳ್ಳಿಹಾಕುವ ಜಾಗ ಅದು. ಚಳಿಗಾಲ ಮುಗಿಯುವ ಹೊತ್ತಿಗೆ ಜನ ಮತ್ತೆ ಇದನ್ನು ಹುಡುಕಿಕೊಂಡು ಬರುತ್ತಿದ್ದರು. ಏಪ್ರಿಲ್ 16 ಬಂದಾಗ ಮತ್ತೆ.

ಈಗ ನನ್ನ ಗೆಳತಿಯ ವಿಷಯ. ಆನ್‌ಸಾನಿನ ತಾಯಂದಿರ ದುಃಖದ ಪಕ್ಕದಲ್ಲಿ ನನ್ನ ಸಣ್ಣ ಕಥೆಯನ್ನು ಇಡೋದಕ್ಕೆ ಮನಸ್ಸು ಹಿಂದೇಟು ಹಾಕುತ್ತದೆ. ಆದರೆ ಈ ಹಾಡು ಗೆಳೆಯರ ಬಗ್ಗೆ ಶುರುವಾಗಿ ಅಷ್ಟು ದೂರ ಹೋದದ್ದು. ಆ ದಾರಿಯ ಶುರುವಿನ ತುದಿಯಲ್ಲಿ ನನಗೂ ನಿಲ್ಲಲು ಜಾಗ ಇದೆ ಅಂದುಕೊಳ್ಳುತ್ತೇನೆ.

ಆ ಭಾನುವಾರ ಕಳೆದು ಎರಡು ವಾರಕ್ಕೆ ನಾವಿಬ್ಬರೂ ಮಾತು ಬಿಟ್ಟೆವು. ಕಾರಣ ಒಂದು ಫಿಸಿಕ್ಸ್ ರೆಕಾರ್ಡ್ ಬುಕ್. ಅವಳು ತಗೊಂಡು ಹೋಗಿ ತಡವಾಗಿ ತಂದಳು. ಅದರ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಕೊರಿಯನ್ ಅಕ್ಷರ ಬರೆದಿದ್ದಳು. ನನ್ನ ಹೆಸರು, ಅವಳ ಹೆಸರು. ಸಬ್ಮಿಷನ್ ದಿನ, ನನಗೆ ತಲೆಬಿಸಿ. ಬಾಯಿಗೆ ಬಂದಂತೆ ಅಂದೆ. ಅವಳು ರಬ್ಬರ್ ತಗೊಂಡು ಎಲ್ಲವನ್ನೂ ಅಳಿಸಿ ಕೊಟ್ಟಳು. ಅದೇ ಕೊನೆಯ ಮಾತು. ಪರೀಕ್ಷೆ ಮುಗಿದ ದಿನ ಅವಳಪ್ಪ ಜೀಪು ತಂದಿದ್ದರು. ನಾನು ಮೇಲಿನ ಕಾರಿಡಾರಿನ ಕಂಬದ ಪಕ್ಕ ನಿಂತು ನೋಡುತ್ತಿದ್ದೆ. ಟ್ರಂಕ್ ಹೋಯಿತು, ಹಾಸಿಗೆ ಹೋಯಿತು, ಅವಳೂ ಹತ್ತಿದಳು. ಮೇಲೆ ನೋಡಲಿಲ್ಲ. ನಾನೂ ಕರೆಯಲಿಲ್ಲ.

ಬಚ್ಚಲಿನಲ್ಲಿ ಅವಳ ಬಕೆಟ್ ಉಳಿದುಹೋಗಿತ್ತು. ನೀಲಿ ಪ್ಲಾಸ್ಟಿಕ್ ಬಕೆಟ್, ಹಿಡಿಯ ಕೆಳಗೆ ಕೆಂಪು ನೇಲ್ ಪಾಲಿಶಿನಲ್ಲಿ ಅವಳ ಹೆಸರು. ಹಾಸ್ಟೆಲ್ಲಿನಲ್ಲಿ ಬಕೆಟ್ ಅದಲುಬದಲಾಗಬಾರದು ಅಂತ ಎಲ್ಲರೂ ಹಾಗೇ ಬರೆಯುತ್ತಿದ್ದರು. ನನ್ನ ಸಾಮಾನಿನ ಜೊತೆ ಅದನ್ನೂ ಊರಿಗೆ ತಗೊಂಡು ಬಂದೆ. ಮುಂದೆ ಅವಳ ಮನೆಯವರು ತೋಟ ಬಿಟ್ಟು ಮೈಸೂರಿನ ಕಡೆ ಹೋದರು ಅಂತ ಕೇಳಿದೆ. ನಂಬರ್ ಬದಲಾಯಿತು. ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿದೆ, ಆ ಹೆಸರಿನವರು ನೂರು ಜನ. ಬಕೆಟ್ ನಮ್ಮನೆ ಬಾವಿಕಟ್ಟೆ ಹತ್ತಿರ ಇದೆ. ಅಮ್ಮ ಒಮ್ಮೆ ಹಳೇ ಸಾಮಾನಿನವನಿಗೆ ಕೊಡೋಕೆ ಹೊರಟಾಗ ಬೇಡ ಅಂದೆ. ಯಾಕೆ ಅಂತ ಅಮ್ಮ ಕೇಳಲಿಲ್ಲ. ಹೆಸರು ಓದಿರಬೇಕು.

ನಡುವೆ ಬಿಟಿಎಸ್ ಹುಡುಗರೇ ಹೊರಟು ನಿಂತರು. ಕೊರಿಯಾದಲ್ಲಿ ಗಂಡುಮಕ್ಕಳು ಕಡಿಮೆ ಅಂದರೂ ಒಂದೂವರೆ ವರ್ಷ ಸೇನಾ ಸೇವೆ ಮಾಡಲೇಬೇಕು. ಜಿನ್ 2022ರ ಡಿಸೆಂಬರಿನಲ್ಲಿ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಏಳೂ ಜನ ಮುಗಿಸಿ ಹೊರಗೆ ಬಂದದ್ದು 2025ರ ಜೂನ್ 21ಕ್ಕೆ, ಕೊನೆಯವನು ಶುಗಾ. ಈ ಎರಡೂವರೆ ವರ್ಷ ನಾವು ಅಭಿಮಾನಿಗಳು ಈ ಹಾಡನ್ನು ಅವರಿಗೇ ವಾಪಸ್ ಹಾಡಿದೆವು. ಆಫೀಸಿಗೆ ಹೋಗುವ ಮೆಟ್ರೋದಲ್ಲಿ, ಬೆಳಗ್ಗೆ ಎಂಟೂಕಾಲಿಗೆ, ಕಂಬ ಹಿಡಿದು ನಿಂತು, ಇನ್ನೆಷ್ಟು ರಾತ್ರಿ ಅಂತ ನಾನೂ ಮನಸ್ಸಿನಲ್ಲೇ ಕೇಳಿದ್ದೇನೆ.

ಆ ದಿನಗಳಲ್ಲೇ ನಾನು ವಿಡಿಯೋದ ಜಾಗಗಳ ಬಗ್ಗೆ ಓದತೊಡಗಿದ್ದು. ಆಲ್ಬಮ್ಮಿನ ಫೋಟೋಗಳಲ್ಲಿ ಸಮುದ್ರದ ದಂಡೆಯ ಮೇಲೆ ಒಂದು ಬಸ್ ಸ್ಟಾಪ್ ಬರುತ್ತದೆ. ಗಾಂಗ್‌ನುಂಗ್ ನಗರದ ಜುಮುಂಜಿನ್ ಬೀಚ್ ಅದು. ಫೋಟೋಗೆ ಅಂತ ಕಟ್ಟಿ ಆಮೇಲೆ ಬಿಚ್ಚಿಹಾಕಿದ್ದ ಸ್ಟಾಪು. ಜನ ಹುಡುಕಿಕೊಂಡು ಬರುತ್ತಿದ್ದಾರೆ ಅಂತ ನಗರದವರು 2018ರಲ್ಲಿ ಮತ್ತೆ ಅದನ್ನು ಅಲ್ಲೇ ಕಟ್ಟಿಸಿದರು. ಬಸ್ ಬಾರದ ಬಸ್ ಸ್ಟಾಪಿನಲ್ಲಿ ಜನ ಸರದಿಯಲ್ಲಿ ನಿಂತು ಕೂತು ಎದ್ದು ಹೋಗುತ್ತಾರೆ.

ಆಮೇಲೆ ಆ ಹಿಮದ ಸ್ಟೇಷನ್. ಅದರ ಹೆಸರು ಇರ್ಯೊಂಗ್. ಸೋಲ್ ನಗರದ ಉತ್ತರಕ್ಕೆ, ಯಾಂಗ್‌ಜು ಅನ್ನೋ ಊರಿನ ವ್ಯಾಪ್ತಿಯಲ್ಲಿದೆ. ಗ್ಯೋವೆ ಅನ್ನೋ ಹಳೆಯ ಲೈನಿನ ಸಣ್ಣ ನಿಲ್ದಾಣ. ಆ ಲೈನಿನಲ್ಲಿ ಪ್ಯಾಸೆಂಜರ್ ರೈಲು ನಿಂತದ್ದು 2004ರ ಏಪ್ರಿಲಿನಲ್ಲಿ. ಅಂದರೆ ವಿ ಮೊಣಕಾಲೂರಿ ಹಳಿಗೆ ಕಿವಿ ಕೊಟ್ಟಾಗ ಆ ಸ್ಟೇಷನ್ನಿಗೆ ಜನ ಹತ್ತಿಳಿಯುವ ರೈಲು ಬಾರದೆ ಹನ್ನೆರಡು ವರ್ಷ ದಾಟಿತ್ತು. ಗೆಳತಿಯ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ರೈಲು ಬರೋದಿಲ್ಲ ಅಂತ ಗೊತ್ತಿರುವ ಹಳಿಗೇ ಅವನು ಕಿವಿ ಇಟ್ಟಿದ್ದ. ಅಭಿಮಾನಿಗಳು ಎಷ್ಟೋ ವರ್ಷ ಆ ಖಾಲಿ ಸ್ಟೇಷನ್ನಿಗೆ ಹೋಗಿ, ಅದೇ ಹಳಿಯ ಪಕ್ಕ ಫೋಟೋ ತೆಗೆಸಿಕೊಂಡು ಬಂದರು.

2025ರ ಜನವರಿ 11ರಂದು ಆ ಲೈನ್ ಮತ್ತೆ ಶುರುವಾಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆದಮೇಲೆ. ದೇಗೊಕ್‌ನಿಂದ ಉಯ್ಜೊಂಗ್‌ಬುವರೆಗೆ ಹೋಗುವ ರೈಲು ಇರ್ಯೊಂಗಿನಲ್ಲೂ ನಿಲ್ಲುತ್ತದೆ. ಈಗ ಯಾರೂ ಆ ಹಳಿಗೆ ಕಿವಿಯಿಟ್ಟು ಕೂರುವ ಹಾಗಿಲ್ಲ.

ಹೋದ ತಿಂಗಳು ಒಂದು ಮದುವೆಗೆ ಚಿಕ್ಕಮಗಳೂರಿಗೆ ಹೋಗಿದ್ದೆ. ಊಟದ ಹಾಲಿನಲ್ಲಿ ಎದುರು ಸಾಲಿಗೆ ಅವಳ ಚಿಕ್ಕಮ್ಮ ಕೂತಿದ್ದರು. ಕೂದಲು ನೆರೆತಿದೆ, ಆದರೂ ಗುರುತು ಹಿಡಿದೆ. ಅವರೂ ಹಿಡಿದರು. "ಭಾನುವಾರದ ಹುಡುಗಿ ಅಲ್ವಾ ನೀನು?" ಅಂದರು. ಕೈತೊಳೆದುಕೊಂಡು ಬಂದು, ಫೋನ್ ತೆಗೆದು, ಕನ್ನಡಕ ಹಾಕಿಕೊಂಡು ಅವಳ ನಂಬರ್ ಹುಡುಕಿ ಕೊಟ್ಟರು.

ಮೂರು ದಿನ ನಂಬರ್ ಸುಮ್ನೆ ಇಟ್ಟುಕೊಂಡಿದ್ದೆ. ಏನಂತ ಶುರುಮಾಡೋದು? ರೆಕಾರ್ಡ್ ಬುಕ್ಕಿನಿಂದಲೋ, ಬಕೆಟ್ಟಿನಿಂದಲೋ? ನಾಲ್ಕನೆಯ ದಿನ ರಾತ್ರಿ ವಾಟ್ಸಾಪಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದೆ. "ಆ ಸ್ಟೇಷನ್ನಿಗೆ ಈಗ ರೈಲು ಬರ್ತಿದೆಯಂತೆ ಕಣೇ."